ಹಂಡೆ ದೊಡ್ಡದಾದ ಮಾತ್ರಕ್ಕೆ ಎಲ್ಲವೂ ಎರಡರಷ್ಟಲ್ಲ

ಅಮೆರಿಕದ ನಮ್ಮ ಗ್ಯಾರೇಜಿನಲ್ಲಿ ನಾನು ಮನೆಯಲ್ಲೇ ಮಾಡಿದ ಬಿಯರ್ ರುಚಿ ನೋಡಿದ ಹುಡುಗರೆಲ್ಲ ಕೇಳುವುದು ಒಂದೇ. "ಅಂಕಲ್, ಐದು ಗ್ಯಾಲನ್ ಎಲ್ಲಿಗೂ ಸಾಲಲ್ಲ, ಹತ್ತು ಮಾಡೋಕೆ ಏನೇನು ಕೊಳ್ಳಬೇಕು?" ಹತ್ತು ಗ್ಯಾಲನ್ ಅಂದರೆ ಸುಮಾರು 38 ಲೀಟರ್. ಜಾಸ್ತಿ ಏನೂ ಬೇಡ. 57 ಲೀಟರಿನ ಒಂದು ಹಂಡೆ, ಕೆಳಗೆ ನಲ್ಲಿ ಇರಬೇಕು. ಬಿಸಿ ಹಿಡಿದಿಡುವ, ನಲ್ಲಿ ಇರುವ ಹತ್ತು ಗ್ಯಾಲನ್ನಿನ ಕೂಲರ್ ಡಬ್ಬ, ಹೊರಗಿಡುವ ಗ್ಯಾಸ್ ಒಲೆ. ಹಳೆಯ ಚಿಕ್ಕ ಪಾತ್ರೆ ಎಸೆಯಬೇಡಿ, ಅದು ಬೇಕಾಗುತ್ತೆ.

ಮದುವೆ ಅಡುಗೆ ಭಟ್ಟರನ್ನು ಕೇಳಿ ನೋಡಿ. ಹತ್ತು ಜನರ ಸಾರನ್ನು ನೂರು ಜನಕ್ಕೆ ಮಾಡುವಾಗ ಬೇಳೆ ಹತ್ತರಷ್ಟು, ಆದರೆ ಒಗ್ಗರಣೆ ಹತ್ತರಷ್ಟಲ್ಲ. ಇಲ್ಲೂ ಹಾಗೇ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಎರಡರಷ್ಟು, ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂ) ಹೆಚ್ಚುಕಡಿಮೆ ಎರಡರಷ್ಟು, ಯೀಸ್ಟ್ ಎರಡು ಪ್ಯಾಕೆಟ್. ಕುದಿಯುವಾಗ ಆವಿಯಾಗಿ ಆರುವ ನೀರು ಮಾತ್ರ ಎರಡರಷ್ಟಾಗಲ್ಲ. ಅದು ಹಂಡೆಯ ಬಾಯಗಲ ಮತ್ತು ಉರಿಯ ಮೇಲೆ ಹೋಗುತ್ತೆ, ಒಳಗೆ ಎಷ್ಟಿದೆ ಅನ್ನುವುದರ ಮೇಲಲ್ಲ.

ಇದು ನಾನು ಕೆಟ್ಟು ಕಲಿತದ್ದು. ಹೊಸ ಹಂಡೆಯಲ್ಲಿ ಮೊದಲು 19 ಲೀಟರ್ ಮಾಡಿದಾಗ 23 ಲೀಟರ್ ಇಟ್ಟಿದ್ದೆ, ಗಂಟೆಗೆ ನಾಲ್ಕು ಲೀಟರ್ ಆರಿತ್ತು. ಮುಂದಿನ ಸಲ 38 ಲೀಟರಿಗೆ ಸುಮ್ನೆ ಎರಡರಷ್ಟು, 46 ಇಟ್ಟೆ. ಗಂಟೆ ಕಳೆದ ಮೇಲೂ 42 ಉಳಿದಿತ್ತು! 1.050 ಬರಬೇಕಾದ ಸಾಂದ್ರತೆ (ಪಾಕದಲ್ಲಿ ಸಕ್ಕರೆ ಎಷ್ಟಿದೆ ಅನ್ನುವ ಅಳತೆ, ಬರೀ ನೀರಿನದು 1.000) 1.045ಕ್ಕೆ ನಿಂತಿತು. ಕುಡಿದೆವು ಬಿಡಿ, ಆದರೆ ನೀರು ಮಜ್ಜಿಗೆ ಕುಡಿದ ಹಾಗಿತ್ತು.

ಈಗ ಕುದಿಸುವುದಕ್ಕೂ ಮುಂಚಿನ ಎಸರಿನ ವಿಷಯ. ಹತ್ತು ಗ್ಯಾಲನ್ನಿಗೆ ಸುಮಾರು 10 ಕಿಲೋ ಮಾಲ್ಟ್ ಹಿಡಿಯುತ್ತೆ. ಅದು ನುಚ್ಚಾಗಿರಬೇಕು, ಹಿಟ್ಟಾಗಬಾರದು. ಹಿಟ್ಟಾದರೆ ಕೂಲರಿನ ನಲ್ಲಿ ಕಟ್ಟಿಕೊಳ್ಳುತ್ತೆ. ಕೂಲರಿಗೆ ಮೊದಲೇ ಬಿಸಿನೀರು ಹಾಕಿ ಬೆಚ್ಚಗೆ ಮಾಡಿ ಚೆಲ್ಲಿ. ಆಮೇಲೆ 74 ಡಿಗ್ರಿಯ ಎಸರು 26 ಲೀಟರ್ ಹಾಕಿ, ನುಚ್ಚನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ತಿರುವಿ. ಮುದ್ದೆ ತಿರುವಿದ ಕೈಗೆ ಗಂಟು ಒಡೆಯುವುದನ್ನು ಹೇಳಿಕೊಡಬೇಕಾಗಿಲ್ಲ ಅಲ್ವಾ? 66-67 ಡಿಗ್ರಿಗೆ ನಿಂತರೆ ಮುಚ್ಚಿ ಒಂದು ಗಂಟೆ ಬಿಡಿ. ಈ ನುಚ್ಚಿನ ಗಂಜಿ ಜಾಸ್ತಿ ಇದ್ದಷ್ಟೂ ಬಿಸಿ ಚೆನ್ನಾಗಿ ನಿಲ್ಲುತ್ತೆ. ದೊಡ್ಡದು ಮಾಡುವುದರಲ್ಲಿ ಸಿಗುವ ಪುಕ್ಕಟೆ ಲಾಭ ಇದೊಂದೇ.

ಒಂದು ಕಿಲೋ ಮಾಲ್ಟ್ ಸುಮಾರು ಒಂದು ಲೀಟರ್ ನೀರು ಕುಡಿದು ಇಟ್ಟುಕೊಳ್ಳುತ್ತೆ. ಹಾಗಾಗಿ 26ರಲ್ಲಿ ಬರುವುದು 16. ಹಂಡೆಗೆ ಬೇಕಾದದ್ದು 42, ಕೊನೆಗೆ ಉಳಿಯಬೇಕಾದ 38, ಆರಿಹೋಗುವ 4. ಉಳಿದ 26 ಲೀಟರ್ ಬಿಸಿನೀರನ್ನು ಒಂದೇ ಸಲ ಸುರಿದರೆ ಕೂಲರ್ ತುಂಬಿ ಹರಿಯುತ್ತೆ. 13ರಂತೆ ಎರಡು ಸಲ ಹಾಕಿ, ಕಲಕಿ, ಬಸಿಯಿರಿ. ಆ ನೀರು ಕಾಯಿಸುವುದಕ್ಕೇ ಹಳೆಯ ಪಾತ್ರೆ.

ಒಲೆ ಗ್ಯಾರೇಜಿನ ಒಳಗೆ ಬೇಡ, ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಕುದಿ ಬರುವ ಹೊತ್ತಿಗೆ ಹಂಡೆ ಬಿಟ್ಟು ಕದಲಬೇಡಿ, ಹಾಲಿನ ಹಾಗೆ ಉಕ್ಕುತ್ತೆ. ತುಂಬಿದ ಹಂಡೆಯನ್ನು ಎತ್ತುವ ಶೌರ್ಯ ಖಂಡಿತ ಬೇಡ. 40 ಕಿಲೋ ಮೀರಿದ ಸುಡುವ ಪಾಕ ಅದು. ನಲ್ಲಿ, ಸಿಲಿಕೋನ್ ಪೈಪು ಇರುವುದೇ ಅದಕ್ಕೆ.

ಸಿಂಕಿನಲ್ಲಿ ಐಸ್ ಹಾಕಿ ತಣಿಸುವ ಆಟ ಇಲ್ಲಿ ನಡೆಯಲ್ಲ. ಒಳಗೆ ತಣ್ಣೀರು ಹರಿಯುವ ತಾಮ್ರದ ಕೊಳವೆಯ ಸುರುಳಿ ಬೇಕು, ಅದನ್ನು ಹಂಡೆಯೊಳಗೆ ಇಳಿಸಬೇಕು. ಅದನ್ನು ಮೆಲ್ಲಗೆ ಅಲ್ಲಾಡಿಸುತ್ತಾ ಇದ್ದರೆ ಬೇಗ ತಣಿಯುತ್ತೆ. ಆಮೇಲೆ ಹುದುಗು ಬರಲು ಇಡುವ ಎರಡು ಬಕೆಟ್ಟಿಗೆ ಸ್ವಲ್ಪ ಇದಕ್ಕೆ, ಸ್ವಲ್ಪ ಅದಕ್ಕೆ ಎಂದು ಬದಲಿಸುತ್ತಾ ತುಂಬಿ, ಇಲ್ಲದಿದ್ದರೆ ಗಸಿಯೆಲ್ಲ ಒಂದಕ್ಕೇ ಹೋಗುತ್ತೆ. ನಾನಂತೂ ಎರಡಕ್ಕೂ ಬೇರೆ ಬೇರೆ ಯೀಸ್ಟ್ ಹಾಕುತ್ತೇನೆ. ಒಂದೇ ದಿನದ ಕೆಲಸ, ಎರಡು ರುಚಿ.

ಇಲ್ಲಿನ ಕೇಂದ್ರ ಕಾನೂನಿನಲ್ಲಿ ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ದೊಡ್ಡವರಿದ್ದರೆ 200. ಮಾರುವ ಹಾಗಿಲ್ಲ. ತಿಂಗಳಿಗೆ ಹತ್ತು ಎಂದರೆ 120 ಆಗುತ್ತೆ, ಒಂಟಿ ಹುಡುಗರು ಲೆಕ್ಕ ಇಟ್ಟುಕೊಳ್ಳಿ. ಊರಿಗೆ ಹೋದಾಗ ಮಾಡಿ ತೋರಿಸ್ತೀನಿ ಅನ್ನಬೇಡಿ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿ ಕೇಸು.

ಕೂಲರಿನಲ್ಲಿ ಉಳಿದ ಚರಟ ಒದ್ದೆಯಾಗಿ ಭಾರಿ ತೂಕ ಇರುತ್ತೆ. ಸಂಜೆಯೊಳಗೆ ಗೊಬ್ಬರದ ಗುಂಡಿಗೆ ಹಾಕಿ. ಒಂದು ಜುಲೈನಲ್ಲಿ ಸುಸ್ತಾಗಿ ಹಾಗೇ ಬಿಟ್ಟು ಮಲಗಿದ್ದೆ. ಎರಡು ದಿನ ಬಿಟ್ಟು ಮುಚ್ಚಳ ತೆಗೆದವಳು ನನ್ನ ಹೆಂಡತಿ.