ಪ್ಯಾಕಿಂಗ್ ಪೆಟ್ಟಿಗೆಯ ಪೈನ್, ಬಳ್ಳಾರಿಯ ಬಿಸಿಲು

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೊರದೇಶದ ಯಂತ್ರ ಬಂದರೆ ಅದರ ಜೊತೆ ಮರವೂ ಬರುತ್ತದೆ. ಯಂತ್ರ ಒಳಗೆ ಹೋಗುತ್ತದೆ, ಅದನ್ನು ಹೊತ್ತು ತಂದ ಪೆಟ್ಟಿಗೆ, ಪ್ಯಾಲೆಟ್ಟು ಗುಜರಿಗೆ ಬೀಳುತ್ತವೆ. ಬಳ್ಳಾರಿಯಲ್ಲಿ ನಾನು ಮಾಡುವ ಪೈನ್ ಕೆಲಸವೆಲ್ಲ ಈ ಗುಜರಿ ಮಾಲಿನದೇ. ನಮ್ಮಪ್ಪ ಸಾಗವಾನಿ, ಮತ್ತಿ, ಬೇವು ಬಿಟ್ಟು ಬೇರೆ ಕಟ್ಟಿಗೆಗೆ ಉಳಿ ಹಚ್ಚಿದವರಲ್ಲ. ನಾನು ತಂದ ಹಲಗೆಯನ್ನು ಉಗುರಿನಿಂದ ಗೀರಿ, "ಇದೇನ್ ಕಟ್ಟಿಗಿನೋ, ಬೆಣ್ಣಿ ಇದ್ದಂಗೈತಿ" ಅಂದರು.

ಉಗುರು ಇಳಿಯುವುದು ನಿಜ. ಆದರೆ ಪೈನ್ ಅಂದರೆ ಒಂದೇ ಮರವಲ್ಲ, ನೂರಕ್ಕೂ ಹೆಚ್ಚು ಜಾತಿ ಇವೆ. ನಮ್ಮ ಹಿಮಾಲಯದಲ್ಲೇ ಚೀಡ್ ಇದೆ, ಅದರ ಸೂಜಿ ಎಲೆ ಮೂರು ಮೂರರ ಗೊಂಚಲು. ಅದಕ್ಕಿಂತ ಎತ್ತರದಲ್ಲಿ ಬೆಳೆಯುವ ಕೈಲ್‌ಗೆ ಐದೈದು. ಡ್ರೈಫ್ರೂಟ್ ಅಂಗಡಿಯಲ್ಲಿ ತುಟ್ಟಿ ರೇಟಿಗೆ ಸಿಗುವ ಚಿಲ್ಗೋಜಾ ಹಿಮಾಚಲದ ಕಿನ್ನೌರ್ ಕಡೆಯ ಇನ್ನೊಂದು ಪೈನಿನ ಬೀಜ. ದೇವದಾರು ಮಾತ್ರ ಈ ಗುಂಪಿನದಲ್ಲ, ಅದು ಸೀಡರ್. ಮನೆ ಮುಂದೆ ಕುಂಡದಲ್ಲಿಡುವ ಕ್ರಿಸ್‌ಮಸ್ ಗಿಡವನ್ನೂ ಸರ್ವೆ ಮರವನ್ನೂ ತೋರಿಸಿ "ಇದು ಪೈನ್ ಹೌದಲ್ರೀ?" ಎಂದು ಕೇಳುವವರಿದ್ದಾರೆ. ಎರಡೂ ಅಲ್ಲ.

ಗುಜರಿಯಲ್ಲಿ ಸೂಜಿ ಎಲೆ ನೋಡಿ ಗುರುತಿಸುವ ಸೌಭಾಗ್ಯ ಇಲ್ಲ. ಅಲ್ಲಿ ನಾನು ಮೊದಲು ಹುಡುಕುವುದು ಹಲಗೆಯ ಮೇಲಿನ ಮುದ್ರೆ. ಗೋಧಿ ತೆನೆಯ ಗುರುತು, ಪಕ್ಕದಲ್ಲಿ ದೇಶದ ಎರಡಕ್ಷರ, ಕೆಳಗೆ ಎಚ್‌ಟಿ ಅಥವಾ ಎಂಬಿ. ಎಚ್‌ಟಿ ಅಂದರೆ ಕಟ್ಟಿಗೆಯ ನಡುವಿನ ತನಕ 56 ಡಿಗ್ರಿ ಶಾಖ ಮುಟ್ಟಿಸಿ 30 ನಿಮಿಷ ಹಿಡಿದದ್ದು. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟದ್ದು. ಅದನ್ನು ನಾನು ಮುಟ್ಟುವುದಿಲ್ಲ, ಎಷ್ಟೇ ಚೆಂದದ ಹಲಗೆ ಇರಲಿ. ಇಷ್ಟೆಲ್ಲ ಬಂದೋಬಸ್ತು ಯಾಕೆಂದರೆ, ಪೈನ್ ಕಟ್ಟಿಗೆಯೊಳಗೆ ಕೊರೆಹುಳ ಕೂತು ದೇಶ ದಾಟುತ್ತದೆ, ಅದರ ಮೈಯಲ್ಲಿ ಕಣ್ಣಿಗೆ ಕಾಣದ ಜಂತುಹುಳ ಇರುತ್ತದೆ. ಉತ್ತರ ಅಮೆರಿಕದ ಈ ಜಂತು ಜಪಾನಿನ ಪೈನ್ ಕಾಡುಗಳನ್ನು ಒಣಗಿಸಿಬಿಟ್ಟಿತು, 1999ರಲ್ಲಿ ಪೋರ್ಚುಗಲ್‌ನಲ್ಲೂ ಸಿಕ್ಕಿತು. ಮುದ್ರೆಯ ಅಂತರರಾಷ್ಟ್ರೀಯ ನಿಯಮ ಬಂದದ್ದು 2002ರಲ್ಲಿ.

ಮುದ್ರೆ ಓದಿದ ಮೇಲೆ ಹಲಗೆಯ ತುದಿ ನೋಡಬೇಕು. ನ್ಯೂಜಿಲೆಂಡಿನದಾದರೆ ಬಹುತೇಕ ರೇಡಿಯಾಟಾ ಪೈನ್. ಮೂಲ ಕ್ಯಾಲಿಫೋರ್ನಿಯಾದ್ದು, ನ್ಯೂಜಿಲೆಂಡಿನಲ್ಲಿ ನೆಡುತೋಪಾಗಿ ಬೆಳೆಸಿ 25–30 ವರ್ಷಕ್ಕೆ ಕಡಿಯುತ್ತಾರೆ. ಬೇಗ ಬೆಳೆದ ಮರ, ಹಾಗಾಗಿ ಉಂಗುರಗಳು ಅಗಲ, ಬಣ್ಣ ಕೆನೆ ಹಳದಿ. ಯುರೋಪಿನ ಚಳಿ ಸೀಮೆಯ ಸ್ಕಾಟ್ಸ್ ಪೈನಿನಲ್ಲಿ ಉಂಗುರ ಒತ್ತೊತ್ತು, ತಿರುಳು ಕೆಂಪು, ರಂದಾ ಹೊಡೆದರೆ ಅಂಗಡಿ ತುಂಬ ಘಮ. ಪುಸ್ತಕದ ಕಪಾಟಿಗೆ ನಾನು ಎರಡನೆಯದನ್ನೇ ಎತ್ತಿಡುತ್ತೇನೆ. ಉದ್ದ ಹಲಗೆ ನಡುವೆ ಜೋಲುವುದು ಕಡಿಮೆ.

ನಿಜವಾದ ಜಗಳ ಇರುವುದು ರಾಳದ ಜೊತೆ. ಭಟ್ಟಿಯಲ್ಲಿ 70 ಡಿಗ್ರಿಗೂ ಮೇಲೆ ಒಣಗಿಸಿದ ಪೈನಿನಲ್ಲಿ ರಾಳ ಗಟ್ಟಿಯಾಗಿ ಕೂತಿರುತ್ತದೆ. ಪ್ಯಾಕಿಂಗ್ ಹಲಗೆಗೆ ಅಷ್ಟು ಶಾಖ ಕೊಡುವ ಕೆಲಸ ಯಾರಿಗಿದೆ? ಚಳಿಗಾಲದಲ್ಲಿ ಪಾಲಿಶ್ ಮಾಡಿ ಕೊಟ್ಟ ಕಪಾಟು ಏಪ್ರಿಲ್ಲಿನಲ್ಲಿ, ಊರು 40 ದಾಟಿದಾಗ, ಗಂಟು ಗಂಟಿನಲ್ಲೂ ಜೇನುಬಣ್ಣದ ಹನಿ ಬಿಡುತ್ತದೆ. ಬೆರಳಿಟ್ಟರೆ ಎಳೆ ಎಳೆಯಾಗಿ ಬರುತ್ತದೆ. ಅದಕ್ಕೇ ಹಲಗೆಯನ್ನು ತಂದ ಕೂಡಲೇ ಕೆಲಸಕ್ಕೆ ಹಚ್ಚದೆ, ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗೆ ನಡುವೆ ರೀಪು ಕೊಟ್ಟು ಪೇರಿಸಿ, ಮೇಲೆ ಕಲ್ಲು ಹೇರಿಡುತ್ತೇನೆ. ಸೋರುವುದು ಅಲ್ಲೇ ಸೋರಲಿ, ಬಾಗುವುದು ಅಲ್ಲೇ ಬಾಗಲಿ. ಆಮೇಲೆ ಗಂಟನ್ನು ಕೆರೆದು, ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಚಪಡಾ ಅರಗನ್ನು ಎರಡು ಕೈ ಹಚ್ಚುತ್ತೇನೆ. ಟರ್ಪೆಂಟೈನ್ ಪೈನಿನದೇ ಮಗು: ಉತ್ತರಾಖಂಡ, ಹಿಮಾಚಲದಲ್ಲಿ ಚೀಡ್ ಮರಕ್ಕೆ ಗಾಯ ಮಾಡಿ ಇಳಿಸುವ ಲೀಸಾ ಎಂಬ ಅಂಟನ್ನು ಭಟ್ಟಿ ಇಳಿಸಿದರೆ ಆವಿಯಾಗಿ ಬರುವುದು ಟರ್ಪೆಂಟೈನ್, ತಳದಲ್ಲಿ ಉಳಿಯುವುದು ರೋಸಿನ್. ವಯೊಲಿನ್ ಕಮಾನಿಗೆ ಉಜ್ಜುವುದೂ ಅದನ್ನೇ. ಆಯುರ್ವೇದದವರು ಈ ಚೀಡನ್ನೇ ಸರಳ ಎನ್ನುತ್ತಾರೆ. ಅದರ ಎಣ್ಣೆ ಕೀಲುನೋವಿಗೆ ಹಚ್ಚುವ ತೈಲಗಳಿಗೆ ಬೀಳುತ್ತದೆ.

ಅದೇ ಅರಗನ್ನು ತೆಳ್ಳಗೆ ಮಾಡಿ ಇಡೀ ಹಲಗೆಗೆ ಒಂದು ಕೈ ಕೊಟ್ಟ ಮೇಲಷ್ಟೇ ಬಣ್ಣ. ಇಲ್ಲದಿದ್ದರೆ ಮೆತ್ತನೆಯ ಭಾಗ ಬಣ್ಣ ಕುಡಿದು ಕಪ್ಪಾಗುತ್ತದೆ, ಗಟ್ಟಿ ಭಾಗ ಬಿಳುಚಾಗಿಯೇ ಉಳಿದು ಮೈಯೆಲ್ಲ ಮಚ್ಚೆ. ಪ್ಯಾಲೆಟ್ಟಿನ ಮೊಳೆಗೆ ಸುತ್ತು ಸುತ್ತು ಹಲ್ಲಿರುತ್ತದೆ, ಕೀಳಲು ಹೋದರೆ ಹಲಗೆಯೇ ಸೀಳುತ್ತದೆ. ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡು ತೂರಿಸಿ ಮೊಳೆ ಕೊಯ್ಯುವುದೇ ವಾಸಿ.

ಇನ್ನು ಒರಲೆ. ಎಚ್‌ಟಿ ಹೊಡೆದ ಕಟ್ಟಿಗೆಗೆ ಒರಲೆ ಹತ್ತುವುದಿಲ್ಲ ಎಂದು ಗುಜರಿಯವರು ಧೈರ್ಯ ಹೇಳುತ್ತಾರೆ. ನಂಬಬೇಡಿ. ಆ ಶಾಖ ಒಳಗಿದ್ದ ಹುಳವನ್ನು ಕೊಲ್ಲುತ್ತದೆ ಅಷ್ಟೇ, ನಾಳೆ ಬರುವುದಕ್ಕೆ ಅದು ತಡೆಯಲ್ಲ. ನಾನು ಒಂದು ಪಾಲು ಬೋರಿಕ್ ಆಸಿಡ್‌ಗೆ ಒಂದೂವರೆ ಪಾಲು ಬಿಳಿಗಾರ ಸೇರಿಸಿ ಬಿಸಿನೀರಿನಲ್ಲಿ ಕರಗಿಸಿ, ಕೊಯ್ದ ತುದಿಗಳು ಹೀರುವಷ್ಟು ಬಳಿಯುತ್ತೇನೆ. ನೀರು ಬಿದ್ದರೆ ಅದು ತೊಳೆದುಹೋಗುತ್ತದೆ. ಹಾಗಾಗಿ ತಲಬಾಗಿಲು, ಹೊಸ್ತಿಲು, ಬಚ್ಚಲ ಚೌಕಟ್ಟು ಪೈನಿನಲ್ಲಿ ಮಾಡಿಕೊಡಿ ಅಂದವರಿಗೆ ಇಲ್ಲ ಅನ್ನುತ್ತೇನೆ. ಬೇವಿನದು ಮಾಡಿಸಿ, ಅರ್ಧ ರೇಟಿನ ಆಸೆ ಬಿಡಿ. ಕಪಾಟು, ಮಕ್ಕಳ ಮೇಜು, ದೇವರ ಜಗುಲಿಯ ಹಿಂಬದಿ ಹಲಗೆ ಇವಕ್ಕೆ ಅಡ್ಡಿಯಿಲ್ಲ.

ಎಚ್‌ಟಿ ಮುದ್ರೆಯ, ಬಣ್ಣ ಕಾಣದ ಚೂರುಗಳು ನಮ್ಮನೆ ನೀರೊಲೆಗೆ ಹೋಗುತ್ತವೆ. ರಾಳ ತುಂಬಿದ ಗಂಟು ಒಂದೇ ಕಡ್ಡಿಗೆ ಹತ್ತಿಕೊಳ್ಳುತ್ತದೆ. ಗುಡ್ಡಗಾಡಿನವರು ಅದನ್ನು ದೀವಟಿಗೆಯಾಗಿ ಉರಿಸುತ್ತಿದ್ದುದು ಸುಮ್ಮನಲ್ಲ. ಮಸಿ ವಿಪರೀತ, ಹಾಗಾಗಿ ರೊಟ್ಟಿ ಹಂಚಿನ ಕೆಳಗೆ ಹಾಕಲು ಮನೆಯಾಕೆ ಬಿಡುವುದಿಲ್ಲ, ಅಲ್ಲಿಗೆ ಬಳ್ಳಾರಿ ಜಾಲಿಯೇ ಆಗಬೇಕು. ಮುದ್ರೆಯಿಲ್ಲದ ಚೂರು ಯಾವ ಒಲೆಗೂ ಇಲ್ಲ.