ಏರ್ ಪಿಸ್ತೂಲಿನ ಪೆಲೆಟ್ ಆರಿಸಿದ ನನ್ನ ಅನುಭವ

ಹತ್ತು ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ., ಅದಕ್ಕೆ ಹಾರಿಸುವ ಪುಟ್ಟ ಸೀಸದ ಗುಂಡು, ಅಂದರೆ ಪೆಲೆಟ್‌ನದು 4.5 ಮಿ.ಮೀ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಅಡಿಕೆ ಗೋದಾಮಿನಲ್ಲಿ ಎರಡು ವರ್ಷ ಅಭ್ಯಾಸ ಮಾಡಿದ ಮೇಲೂ, ಕೈ ಅಲುಗಲಿಲ್ಲವೆಂದು ನನಗೇ ಖಾತ್ರಿಯಿದ್ದ ಹೊಡೆತಗಳು ಕಾರಣವಿಲ್ಲದೆ ಒಂಬತ್ತಕ್ಕೆ, ಒಮ್ಮೊಮ್ಮೆ ಎಂಟಕ್ಕೆ ಹೋಗಿ ಬೀಳುತ್ತಿದ್ದವು. ತಪ್ಪು ಕೈಯದೋ ಪೆಲೆಟ್‌ನದೋ ಎಂಬುದು ಇತ್ಯರ್ಥವಾಗದೆ ಮುಂದಿನ ಅಭ್ಯಾಸಕ್ಕೆ ಅರ್ಥವಿರಲಿಲ್ಲ.

ಮೊದಲು ಅನುಮಾನ ಬಂದದ್ದು ತೂಕದ ಮೇಲೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಚಿನ್ನದ ಕೆಲಸ ಮಾಡುವ ಪರಿಚಿತರೊಬ್ಬರಿಂದ ಮಿಲಿಗ್ರಾಂ ತೋರಿಸುವ ತಕ್ಕಡಿಯನ್ನು ಕಡ ತಂದು, ಡಬ್ಬಿಯಲ್ಲಿದ್ದ 500 ಪೆಲೆಟ್‌ಗಳನ್ನೂ ಎರಡು ರಾತ್ರಿ ಕುಳಿತು ತೂಗಿ, ಐದು ಗುಂಪು ಮಾಡಿದೆ. ಅನಂತರ ಪಿಸ್ತೂಲನ್ನು ಮರದ ಪಟ್ಟಿಗಳ ನಡುವೆ, ಅಲುಗದಂತೆ ಕಚ್ಚಿ ಹಿಡಿಯುವ ವೈಸ್‌ಗೆ ಬಿಗಿದು, ಒಂದೊಂದು ಗುಂಪಿನಿಂದ ಹತ್ತು ಹತ್ತು ಹಾರಿಸಿ ನೋಡಿದರೆ, ಒಂದು ಗುಂಪಿಗೂ ಇನ್ನೊಂದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ತೂಕ ಹೆಚ್ಚುಕಡಿಮೆಯಾದರೆ ಬದಲಾಗುವುದು ವೇಗ. ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ ಹತ್ತು ಮೀಟರ್ ದೂರಕ್ಕೆ ಸುಮಾರು 22 ಮಿ.ಮೀ. ಇಳಿಯುತ್ತದೆ, ವೇಗ ನೂರಕ್ಕೆ ಒಂದು ಪಾಲು ಏರುಪೇರಾದರೂ ಆ ಇಳಿತದಲ್ಲಿ ಅರ್ಧ ಮಿಲಿಮೀಟರ್ ಕೂಡ ಬದಲಾಗುವುದಿಲ್ಲ.

ನನ್ನ ಈ ತೂಗಾಟವನ್ನು ನೋಡುತ್ತಿದ್ದ ಅಮ್ಮ, "ಅಡಿಕೇನ ಯಾರಾದ್ರೂ ಒಂದೊಂದೇ ತೂಗಿ ಆರಿಸ್ತಾರೇನೋ? ಮೈ ನೋಡು" ಎಂದರು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುತ್ತಲೇ ವಯಸ್ಸಾದವರ ಮಾತು. ಮೇಜಿನ ದೀಪದ ಕೆಳಗೆ ಗಾಜಿನ ಹಲಗೆಯಿಟ್ಟು ಪೆಲೆಟ್‌ಗಳನ್ನು ಉರುಳಿಸಿದೆ. ಹಿಂಬದಿಯ ತೆಳುವಾದ ಲಂಗದಂಥ ಅಂಚು ನೆಟ್ಟಗಿದ್ದರೆ ಪೆಲೆಟ್ ಸಮನಾಗಿ ಕಮಾನಿನಂತೆ ತಿರುಗಿ ಬರುತ್ತದೆ; ಸಾಗಾಟದಲ್ಲಿ ಕುಕ್ಕಿ ಅಂಚು ನೆಗ್ಗಿದ್ದರೆ ನಡುವೆ ತಟ್ಟನೆ ಕುಂಟುತ್ತದೆ. ಹೀಗೆ ಕುಂಟಿದವನ್ನೇ ಪ್ರತ್ಯೇಕವಾಗಿ ವೈಸ್‌ನಿಂದ ಹಾರಿಸಿದಾಗ ರಂಧ್ರಗಳು ಚೆದುರಿ ಬಿದ್ದವು. ಅದೇ ತಯಾರಕರ ಅದೇ ಅಳತೆಯ ಪೆಲೆಟ್ ಆದರೂ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬದಲಾದರೆ ಫಲಿತಾಂಶ ಬದಲಾಗುವುದನ್ನೂ ಆಗಲೇ ಕಂಡೆ. 4.49 ಮತ್ತು 4.50 ಮಿ.ಮೀ. ಅಳತೆಯ ನಾಲ್ಕು ಲಾಟ್‌ಗಳನ್ನು ಪರೀಕ್ಷಿಸಿ, ಹತ್ತು ಹೊಡೆತಗಳೂ ಹೊರ ಅಂಚಿನಿಂದ ಹೊರ ಅಂಚಿಗೆ ಏಳು ಮಿ.ಮೀ. ಒಳಗೆ ಸೇರಿದ ಲಾಟ್‌ನಿಂದಲೇ ವರ್ಷಕ್ಕಾಗುವಷ್ಟು ಡಬ್ಬಿಗಳನ್ನು ತರಿಸಿಕೊಂಡೆ.

ಆದರೂ ಆಷಾಢದಲ್ಲಿ ಹೊಡೆತಗಳು ಮತ್ತೆ ಕೆಳಗೆ ಬೀಳತೊಡಗಿದವು. ಈ ಸಲ ಪೆಲೆಟ್‌ನ ತಪ್ಪಿರಲಿಲ್ಲ. ಪೆಲೆಟ್ ತಳ್ಳುವ ಗಾಳಿಯಿರುವ ಪಿಸ್ತೂಲಿನ ಸಿಲಿಂಡರಿಗೆ 200 ಬಾರ್ ಒತ್ತಡದವರೆಗೆ ನಾನು ಕೈಪಂಪಿನಿಂದಲೇ ಗಾಳಿ ತುಂಬುತ್ತಿದ್ದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ನೀರಿನಂಶ ಎಷ್ಟೆಂದರೆ, ಗೋಡೆಗೆ ನೇತುಹಾಕಿದ ಅಂಗಿಗೂ ಬೂಷ್ಟು ಹಿಡಿಯುತ್ತದೆ. ಒತ್ತಡಕ್ಕೆ ಸಿಕ್ಕಿದ ಆ ತೇವ ನೀರಾಗಿ ಒಳಗೇ ನಿಲ್ಲುತ್ತಿತ್ತು. ರಿಪೇರಿಯವರು ಪ್ರತಿ ಹೊಡೆತಕ್ಕೂ ಗಾಳಿಯ ಒತ್ತಡವನ್ನು ಸಮನಾಗಿಡುವ ರೆಗ್ಯುಲೇಟರ್ ಬಿಚ್ಚಿ ತೋರಿಸಿದಾಗ ಬೆರಳಿಗೆ ಪಸೆ ಹತ್ತಿತು. ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ 150 ಇದ್ದದ್ದು ಕೆಲವು ಹೊಡೆತಗಳಿಗೆ 130ಕ್ಕೆ ಕುಸಿದಿತ್ತು, ಅಂದರೆ ಪೆಲೆಟ್ ಏಳು ಮಿ.ಮೀ. ಹೆಚ್ಚು ಇಳಿಯುತ್ತಿತ್ತು. ಮಿಲಿಗ್ರಾಂ ಎಣಿಸುತ್ತಾ ಕಳೆದ ರಾತ್ರಿಗಳನ್ನು ನೆನೆದು ನನಗೇ ನಗು ಬಂತು. ಈಗ ಪಂಪಿನ ಬಾಯಿಗೆ ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಫಿಲ್ಟರ್ ಇದೆ. ಮಳೆಗಾಲದಲ್ಲಿ ಒಣಗಾಳಿ ತುಂಬಿದ ದೊಡ್ಡ ಸಿಲಿಂಡರಿನಿಂದಲೇ ತುಂಬಿಸಿಕೊಳ್ಳುತ್ತೇನೆ.

ಡಬ್ಬಿಗಳನ್ನೂ ಅಟ್ಟದಿಂದ ಇಳಿಸಿ ಗಾಳಿಯಾಡದ ಪೆಟ್ಟಿಗೆಗೆ ಸೇರಿಸಿದ್ದೇನೆ. ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ, ಅದು ವಿಷ. ಅಂಥವನ್ನು ಬಳಸುವುದಿಲ್ಲ, ಪೆಲೆಟ್ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರುವುದಿಲ್ಲ. ಸ್ಪರ್ಧೆಯ 60 ಹೊಡೆತಗಳಿಗೂ ಅದಕ್ಕೆ ಮೊದಲಿನ ಪರೀಕ್ಷಾ ಹೊಡೆತಗಳಿಗೂ ಬೇಕಾದಷ್ಟನ್ನು ಹಿಂದಿನ ದಿನವೇ ಗಾಜಿನ ಮೇಲೆ ಉರುಳಿಸಿ, ಸ್ಪಂಜಿನ ತಟ್ಟೆಯ ಗುಳಿಗಳಲ್ಲಿ ಒಂದೊಂದಾಗಿ ಜೋಡಿಸಿಡುತ್ತೇನೆ. ಮೊನ್ನೆ ಒಡೆದ ಡಬ್ಬಿಯಲ್ಲಿ ಕುಂಟಿದವು ಹನ್ನೊಂದು.