ನೋವಿಲ್ಲದೆ ಬಂದ ಕೀವು

ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂವೇ ಇಂಪ್ಲಾಂಟ್. ಒಬ್ಬ ರೋಗಿಗೆ ಅದನ್ನು ಕೂರಿಸಿದವನು ನಾನೇ. ಮೂರು ವರ್ಷಗಳ ನಂತರ ಅವರು ಮತ್ತೆ ಬಂದರು. "ನೋವೇನೂ ಇಲ್ಲ ಡಾಕ್ಟರೇ, ಬ್ರಷ್ ಮಾಡುವಾಗ ಸ್ವಲ್ಪ ರಕ್ತ ಬರುತ್ತದೆ, ಅಷ್ಟೇ" ಎಂದರು. ಒಸಡನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ. ಇಂಪ್ಲಾಂಟಿನ ಮೇಲೆ ಹಾಕಿದ ಕೃತಕ ಹಲ್ಲಿನ, ಅಂದರೆ ಕ್ಯಾಪಿನ, ಅಂಚಿನಿಂದ ಒಂದು ಹನಿ ಕೀವು ಹೊರಬಂತು. ಎಕ್ಸ್‌-ರೇಯಲ್ಲಿ ನೋಡಿದರೆ ಇಂಪ್ಲಾಂಟಿನ ಸುತ್ತಲಿನ ಮೂಳೆ ಬಟ್ಟಲಿನ ಆಕಾರದಲ್ಲಿ ಕರಗಿತ್ತು.

ಒಸಡನ್ನು ಬಿಡಿಸಿದಾಗ ಕಾರಣ ಸಿಕ್ಕಿತು. ಕ್ಯಾಪ್ ಅಂಟಿಸಲು ನಾನು ಬಳಸಿದ್ದ ಸಿಮೆಂಟಿನ ಸಾಸಿವೆ ಕಾಳಿನಷ್ಟು ಚೂರು ಕೆನ್ನೆಯ ಕಡೆ ಒಸಡಿನ ಆಳದಲ್ಲಿ ಗಟ್ಟಿಯಾಗಿ ಕುಳಿತಿತ್ತು. ಕ್ಯಾಪ್ ಹಾಕಿದ ದಿನ ಎಕ್ಸ್‌-ರೇ ತೆಗೆದಿದ್ದೆ, ನಿಜ. ಆದರೆ ಕೆನ್ನೆಯ ಕಡೆ ಉಳಿದದ್ದನ್ನು ಇಂಪ್ಲಾಂಟಿನ ನೆರಳೇ ಮರೆಮಾಡುತ್ತದೆ. ಆ ಒರಟು ಚೂರಿನ ಮೇಲೆ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿದ್ದವು.

ಸಹಜ ಹಲ್ಲಿನಲ್ಲಿ ಒಸಡಿನ ನಾರುಗಳು ಬೇರಿನ ಮೇಲ್ಪದರದೊಳಗೇ ನಾಟಿಕೊಂಡಿರುತ್ತವೆ. ಟೈಟಾನಿಯಂಗೆ ಅವು ನಾಟುವುದಿಲ್ಲ, ಪಕ್ಕದಲ್ಲಿ ಒರಗಿಕೊಂಡಿರುತ್ತವೆ ಅಷ್ಟೇ. ರಕ್ತಸಂಚಾರವೂ ಕಡಿಮೆ. ಹಾಗಾಗಿ ಇಂಪ್ಲಾಂಟಿನಲ್ಲಿ ಸೋಂಕು ಬೇಗ ಮೂಳೆಯವರೆಗೆ ಇಳಿಯುತ್ತದೆ, ಅದೂ ಹೆಚ್ಚಾಗಿ ಸದ್ದಿಲ್ಲದೆ. ಒಸಡಷ್ಟೇ ಊದಿಕೊಂಡಿರುವಾಗ ಹಿಡಿದರೆ ಶುಚಿಗೊಳಿಸಿ ವಾಸಿ ಮಾಡಬಹುದು. ನಾನು ಆ ಹಂತವನ್ನು ಕಳೆದುಕೊಂಡಿದ್ದೆ.

ಸಿಮೆಂಟ್ ತೆಗೆದು, ಸ್ಕ್ರೂವಿನ ಎಳೆ ಎಳೆಯನ್ನೂ ಟೈಟಾನಿಯಂ ಉಪಕರಣದಿಂದ ಕೆರೆದು, ಸಲೈನಿನಿಂದ ತೊಳೆದೆ. ಉಕ್ಕಿನ ಉಪಕರಣ ಮೇಲ್ಮೈಯನ್ನು ಗೀರುತ್ತದೆ, ಅದನ್ನು ಮುಟ್ಟಲಿಲ್ಲ. ಕೀವು ನಿಂತಿತು, ಇಂಪ್ಲಾಂಟ್ ಉಳಿಯಿತು. ಹೋದ ಮೂಳೆ ಮಾತ್ರ ಪೂರ್ತಿ ಮರಳಲಿಲ್ಲ.

ಎಲ್ಲ ಸೋಲಿಗೂ ಸಿಮೆಂಟೇ ಕಾರಣವಲ್ಲ. ಮೂಳೆ ಕೊರೆಯುವಾಗ ಶಾಖ 47 ಡಿಗ್ರಿ ಸೆಲ್ಸಿಯಸ್ ತಲುಪಿ ಒಂದು ನಿಮಿಷ ಹಾಗೇ ನಿಂತರೂ ಮೂಳೆಗೆ ಪೆಟ್ಟು ಬೀಳುತ್ತದೆ, ಇಂಪ್ಲಾಂಟ್ ಬೆಸೆದುಕೊಳ್ಳುವ ಮೊದಲೇ ಸಡಿಲಾಗಬಹುದು. ಧೂಮಪಾನ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಹೆಚ್ಚು. ನನ್ನನ್ನು ಹೆಚ್ಚು ಕಾಡುವುದು ಒಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡವರ ಬಾಯಿ. ಹಲ್ಲು ಹೋದರೂ ಆ ರೋಗದ ಬ್ಯಾಕ್ಟೀರಿಯಾಗಳು ಉಳಿದ ಹಲ್ಲುಗಳ ಸಂದಿಯಲ್ಲಿ ಇದ್ದೇ ಇರುತ್ತವೆ. ಆ ರೋಗ ಹತೋಟಿಗೆ ಬರುವವರೆಗೆ ಈಗ ನಾನು ಇಂಪ್ಲಾಂಟ್ ಕೂರಿಸುವುದಿಲ್ಲ. ಅವಸರ ಮಾಡಿದವರಿಗೂ ಇದನ್ನೇ ಹೇಳುತ್ತೇನೆ.

ಸಾಧ್ಯವಾದ ಕಡೆಯಲ್ಲೆಲ್ಲ ಸಿಮೆಂಟ್ ಬಿಟ್ಟು ಸ್ಕ್ರೂವಿನಿಂದ ಕೂರುವ ಕ್ಯಾಪ್ ಹಾಕುತ್ತೇನೆ. ಅಂಟಿಸಲೇಬೇಕಾದಾಗ ಕ್ಯಾಪಿನ ಅಂಚನ್ನು ಕಣ್ಣಿಗೆ ಕಾಣುವಂತೆ ಒಸಡಿನ ಮಟ್ಟದಲ್ಲೇ ಇಡಿಸುತ್ತೇನೆ. ಆ ರೋಗಿ ಈಗಲೂ ಆರು ತಿಂಗಳಿಗೊಮ್ಮೆ ಬರುತ್ತಾರೆ. ಪ್ರತಿ ಸಲವೂ ಮೊದಲು ಕೆನ್ನೆಯ ಕಡೆಯ ಒಸಡನ್ನೇ ಬೆರಳಿನಿಂದ ಒತ್ತಿ ನೋಡುತ್ತೇನೆ.